ನಾಲ್ಕು ಮೂಲೆಗೆ ನಾಲ್ಕು ಗಾದಿ

ಸೂರ್ಯನಾರಾಯಣರಿಗೆ ಮೊದಲು ಅನುಮಾನ ಬಂದದ್ದು ಕೋಣೆಯ ಮೇಲೆ. ಸೊಸೆಯ ಮೇಲೆ ಬಂದದ್ದು ಆಮೇಲೆ. ಆದರೆ ಬಂದ ಮೇಲೆ ಎರಡೂ ಒಂದೇ ಬಳ್ಳಿಯ ಕಾಯಿಗಳ ಹಾಗೆ ಜೊತೆಜೊತೆಯಾಗಿ ಬಲಿತವು.

ಅವರು ರಾಯಚೂರಿನ ಕಡೆಯವರು. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಗೆ ಮೀಸೆ ಮೂಡುವ ವಯಸ್ಸಿನಲ್ಲಿ ಸೇರಿ, ಆ ಮೀಸೆ ಪೂರ್ತಿ ಬೆಳ್ಳಗಾಗುವವರೆಗೆ ಪಂಪುಗಳನ್ನು ಓಡಿಸಿ ಪರೀಕ್ಷೆ ಮಾಡುವ ಶೆಡ್ಡಿನಲ್ಲಿ ದುಡಿದರು. ಅಲ್ಲಿ ಅವರಿಗೆ ಹೆಸರು ಬಂದದ್ದು ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮಷೀನಿನ ಮೈಗೊತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಯಾವ ಬೇರಿಂಗ್ ಸವೆದಿದೆ, ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅವರು ಹೇಳಿದ್ದೇ ಇರುತ್ತಿತ್ತು. ಹೊಸದಾಗಿ ಬಂದ ಇಂಜಿನಿಯರುಗಳಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೂ ಅದೇ: ಸದ್ದು ಬದಲಾದರೆ ಕೆಟ್ಟಿರುವುದು ಮಷೀನು, ಸ್ಕ್ರೂಡ್ರೈವರನ್ನು ಬೈಯಬೇಡಿ. ನಿವೃತ್ತಿಯ ದಿನ ಹೊದಿಸಿದ ಶಾಲಿನ ಜೊತೆ ಆ ಪಾಠವನ್ನೂ ಅವರು ಮನೆಗೆ ಹೊತ್ತು ತಂದರು.

ನಿವೃತ್ತಿ, ಮಗನ ಮದುವೆ, ಹೊಸ ಫ್ಲ್ಯಾಟು, ಮೂರೂ ಒಂದೇ ವರ್ಷ ಬಂದವು. ಮಗ ಯಶವಂತ ಸಾಫ್ಟ್‌ವೇರಿನವನು. ಆಗ ಊರಂಚಿನ ಕೊಂಡಾಪುರದಲ್ಲಿ ಬಂಡೆ ಒಡೆದು ಆಫೀಸು ಕಟ್ಟುವವರಿಗೂ, ಆಫೀಸಿನ ಎದುರು ಅಪಾರ್ಟ್‌ಮೆಂಟು ಕಟ್ಟುವವರಿಗೂ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಅಂಥದೊಂದು ಅಪಾರ್ಟ್‌ಮೆಂಟಿನಲ್ಲಿ ಯಶವಂತ ಮೂರು ಕೋಣೆಯ ಮನೆ ಹಿಡಿದ, ತನ್ನದೇ ಆಫೀಸಿನ ನಿಖಿತಾಳನ್ನು ಮದುವೆಯಾದ. ನಿಖಿತಾ ಮೈಸೂರಿನವಳು, ಎಳೆಯ ದನಿಯ ಹುಡುಗಿ. ಸೂರ್ಯನಾರಾಯಣರ ಕಡೆಯವರು ಪಡಸಾಲೆಯಲ್ಲಿ ನಿಂತು ಉಪ್ಪು ಕೇಳಿದರೆ ಓಣಿಯ ತುದಿಯ ಮನೆಯವರು ಉಪ್ಪು ಹಿಡಿದು ಬರಬೇಕು, ಅಂಥ ಗಂಟಲು. ಈ ಹುಡುಗಿ ಮಾತಾಡಿದರೆ ಅವಳ ಕೈಯಲ್ಲಿರುವ ಕಾಫಿಯ ಕೆನೆಯೂ ಅಲುಗುತ್ತಿರಲಿಲ್ಲ.

ಮೂರರಲ್ಲಿ ತೀರ ಚಿಕ್ಕ ಕೋಣೆಯನ್ನು ಯಶವಂತ ಅಪ್ಪನ ಹಾಡಿಗೆಂದು ಬಿಟ್ಟುಕೊಟ್ಟ. ಸೂರ್ಯನಾರಾಯಣರಿಗೆ ಇದ್ದ ಚಟ ಅದೊಂದೇ. ತಾವೇ ಪ್ಲೈವುಡ್ ಕೊಯ್ದು ಕಟ್ಟಿದ ಎದೆಯೆತ್ತರದ ಎರಡು ಸ್ಪೀಕರು, ದಾಸರ ಪದ ತತ್ವಪದಗಳ ರೆಕಾರ್ಡುಗಳು, ಒಂದು ಬೆತ್ತದ ಕುರ್ಚಿ. ಕಾರ್ಖಾನೆಯ ಕ್ವಾರ್ಟರ್ಸಿನ ಉದ್ದನೆಯ ಹಾಲಿನಲ್ಲಿ ಆ ಸ್ಪೀಕರುಗಳು ಹಾಡಿದರೆ ಹಾಡುವವನು ಎದುರಿಗೆ ಕೂತು ಎಲೆ ಅಡಿಕೆ ಹಾಕಿಕೊಂಡಂತೆ ಅನಿಸುತ್ತಿತ್ತು. ಇಲ್ಲಿ ಮೊದಲ ದಿನ ಹಚ್ಚಿದಾಗ ತಬಲಾದ ಎಡಗೈ ಪೆಟ್ಟು ಗುಂಯ್ ಎಂದು ಎದ್ದದ್ದು ಕೆಳಗಿಳಿಯಲೇ ಇಲ್ಲ. ಮುಂದಿನ ಪೆಟ್ಟು ಬಂದು ಅದರ ಮೇಲೇ ಕೂತಿತು. ಹಾಡಿನ ಮಾತುಗಳು ಆ ಗುಂಯ್‌ಗುಡುವಿಕೆಯ ಅಡಿ ಸಿಕ್ಕು, ಯಾರೋ ಕಂಬಳಿ ಹೊದ್ದು ಹಾಡಿದಂತೆ ಕೇಳಿದವು.

ಕೋಠಿ ಪೇಟೆಯ ಆಡಿಯೋ ಅಂಗಡಿಯವನು ಗೋಡೆಗೆಲ್ಲ ತೆಳುವಾದ ಸ್ಪಂಜು ಹಚ್ಚಿಸಿ ಎಂದ. ಹಚ್ಚಿಸಿದರು. ಗುಂಯ್ ಹಾಗೇ ಉಳಿಯಿತು, ಮಾತುಗಳು ಇನ್ನಷ್ಟು ಮಬ್ಬಾದವು. ಅಂಗಡಿಯವನು ಟೋಪಿ ಹಾಕಿದ ಎಂದು ಸೂರ್ಯನಾರಾಯಣರು ಎಲ್ಲವನ್ನೂ ಕಿತ್ತೆಸೆದು, ಮಗನ ಕಂಪ್ಯೂಟರಿನ ಮುಂದೆ ಕೂತು ತಾವೇ ಓದತೊಡಗಿದರು. ತೆಳುವಾದ ಸ್ಪಂಜು ನುಂಗುವುದು ಸಣ್ಣ ದನಿಯನ್ನು ಮಾತ್ರ, ಮಂದ್ರದ ದಪ್ಪ ಅಲೆ ಅದಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ತಿಳಿಯಿತು. ಚಿಕ್ಕ ಕೋಣೆಯಲ್ಲಿ ಆ ಅಲೆ ಗೋಡೆಯಿಂದ ಗೋಡೆಗೆ ಹೊಡೆದುಕೊಂಡು ಕೊನೆಗೆ ಮೂಲೆಗಳಲ್ಲಿ ಗುಂಪು ಸೇರುತ್ತದಂತೆ. ಮೂಲೆಯಲ್ಲಿ ಗುಂಪು ಸೇರುವವರನ್ನು ಕಂಡರೆ ಸೂರ್ಯನಾರಾಯಣರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಏಕೆಂದರೆ ಮನೆಯಲ್ಲೂ ಅದೇ ನಡೆದಿತ್ತು. ಅಡುಗೆಮನೆಯಲ್ಲಿ ಹೆಂಡತಿ ಅಹಲ್ಯಾಬಾಯಿ ಮತ್ತು ಸೊಸೆ ಕೂತು ಮಾತಾಡುತ್ತಿದ್ದರೆ ಇವರಿಗೆ ಬರುತ್ತಿದ್ದದ್ದು ಬರೀ ಗುಸುಗುಸು. ಇವರು ಬಾಗಿಲಿಗೆ ಬಂದರೆ ಇಬ್ಬರೂ ಬಾಯಿ ಮುಚ್ಚುತ್ತಿದ್ದರು. ಮೊದಮೊದಲು ಹೆಂಗಸರ ಮಾತು ಎಂದು ಬಿಟ್ಟರು. ಆಮೇಲೆ ಗಮನಿಸತೊಡಗಿದರು. ನಿಖಿತಾ ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು, ಯಾರದೋ ಜೊತೆ ಫೋನಿನಲ್ಲಿ ಕೈಯಾಡಿಸುತ್ತ ಮಾತಾಡುತ್ತಿದ್ದಳು. ಅಹಲ್ಯಾಬಾಯಿ ಸೊಸೆಯ ಜೊತೆ ಆಟೋ ಹತ್ತಿ ಹೋಗಿ, ಬಂದು, ಗುಡಿಗೆ ಹೋಗಿದ್ದೆವು ಎನ್ನುತ್ತಿದ್ದರು. ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಪ್ರಸಾದವಿರಲಿಲ್ಲ. ಹೀಗೂ ಒಂದು ಗುಡಿ ಇರುತ್ತದೆಯೇ?

ಒಂದು ದಿನ ಮಗನ ಕೋಣೆಯ ಬಾಗಿಲ ಹಿಂದೆ ಕಿರಾಣಿ ಅಂಗಡಿಯ ಖಾಲಿ ರಟ್ಟಿನ ಡಬ್ಬಗಳು ಕಂಡವು, ಒಂದರೊಳಗೊಂದು ಜೋಡಿಸಿಟ್ಟವು. ಸೂರ್ಯನಾರಾಯಣರು ಅವನ್ನು ಎಣಿಸಿದರು. ಡಬ್ಬ ಯಾರ ಸಾಮಾನು ತುಂಬಲು? ಈ ಮನೆಯಲ್ಲಿ ಡಬ್ಬಕ್ಕೆ ತುಂಬುವಂಥ ಸಾಮಾನು ಇರುವುದು ಯಾರ ಬಳಿ? ಲೆಕ್ಕ ತಾನೇ ಕೂಡಿಬಂತು. ಹುಡುಗಿಗೆ ಕೋಣೆ ಬೇಕಾಗಿದೆ. ಆಫೀಸಿನ ಕೆಲಸಕ್ಕೋ, ನಾಳೆ ಹುಟ್ಟುವ ಕೂಸಿಗೋ. ಮುದುಕನನ್ನೂ ಅವನ ರೆಕಾರ್ಡುಗಳನ್ನೂ ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ರಾಯಚೂರಿನ ತಮ್ಮನ ಮನೆಗೆ ಸಾಗಿಸುವ ಹಂಚಿಕೆ. ಹೆಂಡತಿಯೂ ಅದರಲ್ಲಿ ಶಾಮೀಲು. ಈ ಕೋಣೆಯೊಂದು ಹೋದರೆ ಈ ಮನೆಯಲ್ಲಿ ತನ್ನದು ಎನ್ನಲು ಊಟದ ತಟ್ಟೆಯಷ್ಟೇ ಉಳಿಯುತ್ತದೆ ಎಂದು ಅವರಿಗೆ ಅಳುವೇ ಬಂತು. ಅತ್ತರೆ ಸೋತಂತೆ ಎಂದು ಅಳಲಿಲ್ಲ.

ಬದಲಿಗೆ ಹಟ ಹಿಡಿದರು. ಈ ಕೋಣೆಯನ್ನು ಹೇಗೆ ರಿಪೇರಿ ಮಾಡಬೇಕೆಂದರೆ, ಇದರಲ್ಲಿ ಕೂತು ಹಾಡು ಕೇಳಿದವರು ಇದನ್ನು ಕಸಿಯುವ ಮಾತೆತ್ತಲು ನಾಚಬೇಕು.

ಮಂದ್ರ ಎಲ್ಲಿ ಸರಿಯಾಗಿ ಕೇಳುತ್ತದೆಂದು ಹುಡುಕಲು ಒಂದು ಉಪಾಯವಿದೆ. ಸ್ಪೀಕರನ್ನು ಕೇಳುವವನ ಜಾಗದಲ್ಲಿಟ್ಟು, ಕೇಳುವವನು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಯುದ್ದಕ್ಕೂ ಹೋಗುತ್ತ ಕಿವಿಗೊಡಬೇಕು. ದನಿ ಎಲ್ಲಿ ಬಿಗಿಯಾಗಿ ಕೇಳುತ್ತದೋ ಅಲ್ಲಿ ಸ್ಪೀಕರು ನಿಲ್ಲಿಸಬೇಕು. ಸೂರ್ಯನಾರಾಯಣರು ಬೆತ್ತದ ಕುರ್ಚಿಯನ್ನು ಸರಿಸಿ ಅಲ್ಲಿ ಸ್ಪೀಕರು ನಿಲ್ಲಿಸಿ, ಪಂಚೆ ಮೇಲೆ ಕಟ್ಟಿ, ಗೋಡೆಗೆ ಕಿವಿ ಹಚ್ಚಿ ನಾಲ್ಕು ಕಾಲಲ್ಲಿ ಹೊರಟರು. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಎದುರಿಗೆ ಎರಡು ಪಾದ ಕಂಡವು. ಕಾಫಿ ಹಿಡಿದು ನಿಖಿತಾ ನಿಂತಿದ್ದಳು. ಅವಳು ಏನೋ ಅಂದಳು, ತುಟಿ ಅಲುಗಿದ್ದು ಕಂಡಿತು. ಇವರು ಮುಖ ತಿರುವಿದರು. ಅವಳು ಲೋಟವನ್ನು ಕಿಟಕಿಯ ಮೇಲಿಟ್ಟು ಹೋದಳು. ಹೊರಗೆ ಮತ್ತೆ ಗುಸುಗುಸು. ಮಾವನಿಗೆ ತಲೆ ಕೆಟ್ಟಿದೆ, ಇನ್ನು ಊರಿಗೆ ಕಳಿಸಲು ಅಡ್ಡಿಯಿಲ್ಲ ಎಂದು ಹೇಳುತ್ತಿರಬೇಕು ಎಂದುಕೊಂಡರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಸ್ಪೀಕರುಗಳನ್ನು ಗೋಡೆಯಿಂದ ಮುಂದೆ ಎಳೆದದ್ದಾಯಿತು. ಕುರ್ಚಿಯನ್ನು ಕೋಣೆಯ ನಟ್ಟನಡುವಿನಿಂದ ಹಿಂದಕ್ಕೆ ಸರಿಸಿದ್ದಾಯಿತು. ಉಳಿದದ್ದು ಮೂಲೆಗಳು. ಅವಕ್ಕೆ ದಪ್ಪವಾದ, ಒತ್ತಾಗಿ ತುಂಬಿದ ಏನಾದರೂ ಬೇಕು, ನೆಲದಿಂದ ಸೂರಿನವರೆಗೆ. ಕಾಚಿಗೂಡದ ಗಾದಿ ಅಂಗಡಿಯಲ್ಲಿ ಸೂರ್ಯನಾರಾಯಣರು ಎದುರು ನಿಂತು ಹತ್ತಿ ತುಂಬಿಸಿ, ನಾಲ್ಕು ದೊಡ್ಡ ಗಾದಿಗಳನ್ನು ಸುರುಳಿ ಸುತ್ತಿಸಿ ಹಗ್ಗ ಬಿಗಿಸಿದರು. ಆಟೋದವನು ಗಾದಿಗಳ ನಡುವೆ ಹುದುಗಿ ಕೂತ ಇವರನ್ನು ಕನ್ನಡಿಯಲ್ಲಿ ನೋಡಿ, ಮದುವೆಮನೆಯ ಗಾದಿಗಳೆಂದುಕೊಂಡು, "ಕ್ಯಾ ಸಾಬ್, ಘರ್ ಮೇ ಶಾದೀ ಹೈ ಕ್ಯಾ?" ಎಂದು ಕೇಳಿದ. ಇವರು ಅವನನ್ನೂ ಅನುಮಾನದಿಂದಲೇ ನೋಡಿದರು.

ನಾಲ್ಕು ಮೂಲೆಗೆ ನಾಲ್ಕು ಗಾದಿ ನಿಂತಾಗ ಅಹಲ್ಯಾಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಈಶಾನ್ಯದ ಮೂಲೆಗೆ ಭಾರ ಹೇರಿದ ಮನೆ ಉದ್ಧಾರವಾದದ್ದುಂಟೇ ಎಂದು ಕೇಳಿದರು. ಕೋಣೆಯದೇ ತಪ್ಪು ಎಂದು ಇವರು ಹೇಳಿದಾಗ, "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ನಕ್ಕು ಒಳಗೆ ಹೋದರು. ಆ ನಗುವಿನಲ್ಲಿ ಸೂರ್ಯನಾರಾಯಣರಿಗೆ ಪಿತೂರಿಯ ವಾಸನೆ ಬಂತು.

ಆದರೂ ಗಾದಿಗಳು ಕೆಲಸ ಮಾಡಿದವು, ಇದನ್ನು ಹೇಳಲೇಬೇಕು. ತಬಲಾದ ಪೆಟ್ಟು ಈಗ ಬಂದು ಬಡಿದು ಹೊರಟುಹೋಗುತ್ತಿತ್ತು. ತಂಬೂರಿಯ ಮಂದ್ರದ ತಂತಿ ಒಂದೊಂದೇ ಮೀಟಾಗಿ ಬಿಡಿಸಿ ಕೇಳುತ್ತಿತ್ತು. ಸೂರ್ಯನಾರಾಯಣರು ಕುರ್ಚಿಯ ತುದಿಗೆ ಕೂತು, ಇನ್ನೇನು ಮಾತುಗಳು ಕಂಬಳಿ ತೆಗೆದು ಹೊರಬರುತ್ತವೆಂದು ಕಾದರು. ಮಾತುಗಳು ಬರಲಿಲ್ಲ. ಬಾಯಿಪಾಠವಾಗಿದ್ದ ಪದದಲ್ಲೂ ನಡುನಡುವೆ ಅಕ್ಷರ ಕಾಣೆಯಾಗಿದ್ದವು. ಅವರಿಗೆ ಸಿಟ್ಟು ಬಂತು. ತಾನು ಇಲ್ಲದಾಗ ಯಾರೋ ಸ್ಪೀಕರು ಮುಟ್ಟುತ್ತಿದ್ದಾರೆ. ತಂತಿ ಸಡಿಲಿಸುತ್ತಿದ್ದಾರೆ. ಕೋಣೆ ಯಾವತ್ತೂ ಸರಿಹೋಗಬಾರದು, ಅದೇ ಅವರಿಗೆ ಬೇಕಾಗಿರುವುದು.

ಊಟಕ್ಕೆ ಕೂತಾಗ ಅವರು ಆ ಮಾತನ್ನು ಆಡಿಯೂ ಬಿಟ್ಟರು. ಹೆಸರು ಹೇಳಲಿಲ್ಲ, ಆದರೆ ಸಾರು ಬಡಿಸುತ್ತಿದ್ದ ನಿಖಿತಾಳ ಕೈಯನ್ನೇ ನೋಡುತ್ತ ಹೇಳಿದರು. ಸೌಟು ನಿಂತಿತು. ಯಶವಂತ ತಟ್ಟೆ ಸರಿಸಿ, ಭಾನುವಾರ ಮೈಕು ಹಚ್ಚಿ ಕೋಣೆಯನ್ನು ಅಳತೆ ಮಾಡಿಬಿಡೋಣ, ಯಾರ ತಪ್ಪು ಎಂದು ಕಂಪ್ಯೂಟರೇ ಹೇಳಲಿ ಎಂದ. ಸೂರ್ಯನಾರಾಯಣರು ಒಪ್ಪಿದರು.

ಭಾನುವಾರ ಬೆಳಿಗ್ಗೆ ಯಶವಂತ ಕುರ್ಚಿಯ ಜಾಗದಲ್ಲಿ ಸಣ್ಣದೊಂದು ಮೈಕು ನಿಲ್ಲಿಸಿ, ಲ್ಯಾಪ್‌ಟಾಪಿನ ತಂತಿಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ. ಕೀಲಿ ಒತ್ತಿದರೆ ಒಂದೇ ಸ್ವರ ಪಾತಾಳದಿಂದ ಆಕಾಶದವರೆಗೆ ನಿಧಾನವಾಗಿ ಏರುತ್ತದೆ, ಯಾವ ಎತ್ತರದಲ್ಲಿ ಕೋಣೆ ಅದನ್ನು ಹಿಗ್ಗಿಸುತ್ತದೆ, ಎಲ್ಲಿ ಕುಗ್ಗಿಸುತ್ತದೆ ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ ಎಂದು ವಿವರಿಸಿದ. ಹೆಂಗಸರಿಬ್ಬರೂ ಬಾಗಿಲಲ್ಲಿ ಬಂದು ನಿಂತರು.

ಸ್ವರ ಎಮ್ಮೆಯ ನರಳಿಕೆಯಾಗಿ ಶುರುವಾಯಿತು. ಕಿಟಕಿಯ ಗಾಜು ಒಮ್ಮೆ ಗದಗುಟ್ಟಿತು. ಹಾರ್ಮೋನಿಯಮ್ಮಿನ ನಡುಮನೆಗಳನ್ನು ದಾಟಿ, ಕೊಳಲನ್ನು ದಾಟಿ, ಸೀಟಿಯಾಗಿ, ಸಣ್ಣಗಾಗಿ, ನಿಂತಿತು.

"ನಿಂತ್ತು," ಎಂದರು ಸೂರ್ಯನಾರಾಯಣರು. "ಮುಂದ?"

ಯಶವಂತ ತಾಳಿ ಎಂಬಂತೆ ಕೈ ತೋರಿಸಿದ. ಬಾಗಿಲಲ್ಲಿ ನಿಖಿತಾ ಮುಖ ಕಿವುಚಿ ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದಳು. ಅಹಲ್ಯಾಬಾಯಿಯೂ ಹುಳಿ ತಿಂದವರ ಹಾಗೆ ಕಣ್ಣು ಮುಚ್ಚಿದ್ದರು. ಕೋಣೆಯಲ್ಲಿ ಸದ್ದೇ ಇಲ್ಲ. ಸೂರ್ಯನಾರಾಯಣರು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಏನ್ ನಾಟಕ ಹಚ್ಚೀರಿ ಮೂರೂ ಮಂದಿ?"

"ಅಪ್ಪಾ, ಅದಿನ್ನೂ ನಡದೈತಿ," ಎಂದ ಯಶವಂತ. ಆಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿದ. ಎಡಗಡೆ, ಮಂದ್ರದ ಭಾಗದಲ್ಲಿ, ಗೆರೆ ಹೆಚ್ಚು ಏರಿಳಿತವಿಲ್ಲದೆ ಮಲಗಿತ್ತು. ಗಾದಿಗಳು ಮೂಲೆಯ ಗುಂಪನ್ನು ಚದುರಿಸಿದ್ದವು. ಬಲಗಡೆಯೂ ಗೆರೆ ನೆಟ್ಟಗಿತ್ತು. "ಕೋಣಿ ಸರಿ ಐತಿ ಅಪ್ಪಾ. ಸ್ಪೀಕರೂ ಸರಿ ಅದಾವ. ಯಾರೂ ಏನೂ ಮಾಡಿಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೆ ಅರ್ಥವಾಗುತ್ತಿತ್ತು. ಸೂರ್ಯನಾರಾಯಣರಿಗೆ ಅರ್ಥವಾದದ್ದು, ಮೂವರೂ ಸೇರಿ ಕಂಪ್ಯೂಟರನ್ನೂ ತಮ್ಮ ಪಕ್ಷಕ್ಕೆ ಸೇರಿಸಿಕೊಂಡಿದ್ದಾರೆ ಎಂದು. ಆದರೆ ಅವರು ಪರೀಕ್ಷೆ ಮಾಡಿಯೇ ಅನ್ನ ಉಂಡ ಮನುಷ್ಯ. ಯಾರೂ ಮೋಸ ಮಾಡಲಾಗದ ಪರೀಕ್ಷೆಯೊಂದನ್ನು ನಿಂತ ನಿಲುವಿನಲ್ಲೇ ಹೂಡಿದರು. ಹೆಂಡತಿಯನ್ನು ಒಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು, ಮಗನನ್ನು ಇನ್ನೊಂದಕ್ಕೆ, ಸೊಸೆಯನ್ನು ಮತ್ತೊಂದಕ್ಕೆ. ಮೂವರೂ ಕಣ್ಣು ಮುಚ್ಚಬೇಕು, ಬಲಗೈ ಮೇಲೆತ್ತಬೇಕು, ಸದ್ದು ನಿಂತಿತು ಅನಿಸಿದ ಕ್ಷಣ ಕೈ ಇಳಿಸಬೇಕು. ಮಾತಾಡುವಂತಿಲ್ಲ. ಕೀಲಿ ಒತ್ತುವವರು ತಾವೇ.

ಒತ್ತಿದರು. ಎಮ್ಮೆ ನರಳಿತು, ಕೊಳಲು ಹೋಯಿತು, ಸೀಟಿ ಹೋಯಿತು. ನಿಶ್ಶಬ್ದವಾಯಿತು. ಮೂರು ಕೈಗಳೂ ಮೇಲೇ ಇದ್ದವು. ಪರದೆಯ ಮೇಲೆ ಗೆರೆ ಇನ್ನೂ ಬಲಕ್ಕೆ ತೆವಳುತ್ತಿತ್ತು. ಸೂರ್ಯನಾರಾಯಣರು ಉಸಿರು ಹಿಡಿದು ನೋಡಿದರು. ಎಷ್ಟೋ ಹೊತ್ತಾದ ಮೇಲೆ ಅಹಲ್ಯಾಬಾಯಿಯ ಕೈ ಇಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ, ಬೇರೆ ಬೇರೆ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಿದ್ದ ಯಶವಂತ ಮತ್ತು ನಿಖಿತಾರ ಕೈಗಳು ಒಟ್ಟಿಗೇ ಇಳಿದವು.

ತಿರುಗದೆ ಕೈ ಮೇಲೆತ್ತಿ ಎಂದು ಹೇಳಿ ಮತ್ತೊಮ್ಮೆ ಒತ್ತಿದರು. ಈ ಸಲವೂ ಅದೇ ಕ್ರಮ, ಅದೇ ಜಾಗ. ಒಪ್ಪಂದ ಮಾಡಿಕೊಂಡವರು ಹೀಗೆ ಕೂದಲೆಳೆ ತಪ್ಪದಂತೆ ಇಳಿಸಲಾರರು. ಮಷೀನು ಸರಿಯಿದೆ.

ಸೂರ್ಯನಾರಾಯಣರು ಕೀಲಿಯಿಂದ ಕೈ ತೆಗೆದರು. ಕುರ್ಚಿಯ ಬೆನ್ನು ಹಿಡಿದುಕೊಂಡರು. ಭಯವಾಯಿತು, ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು. ಶೆಡ್ಡಿನ ಗದ್ದಲ ವರ್ಷಗಟ್ಟಲೆ ಮೇಯ್ದುಕೊಂಡು ಹೋದದ್ದು ಸಣ್ಣ ದನಿಗಳನ್ನೆಲ್ಲ ಎಂದು ಒಮ್ಮೆಗೇ ಹೊಳೆಯಿತು. ದಪ್ಪ ದನಿಯ ಹೆಂಡತಿಯ ಮಾತು ಎದುರಿಗಿದ್ದಾಗ ಕೇಳುತ್ತದೆ. ಮಗನದೂ ಕೇಳುತ್ತದೆ. ಈ ಹುಡುಗಿಯ ಒಂದೇ ಒಂದು ಪೂರ್ತಿ ವಾಕ್ಯ ತನ್ನ ಕಿವಿಗೆ ಬಿದ್ದ ನೆನಪಿದೆಯೇ? ಎಷ್ಟು ತಡಕಿದರೂ ಒಂದೂ ಸಿಗಲಿಲ್ಲ. ಅವಳು ತುಟಿ ಅಲುಗಿಸಿದ್ದು ನೆನಪಿತ್ತು, ತಾನು ಮುಖ ತಿರುವಿದ್ದು ನೆನಪಿತ್ತು.

ಮೂವರೂ ಇನ್ನೂ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಿದ್ದರು. ಸೂರ್ಯನಾರಾಯಣರು ಕಂಡದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಮೈಕು ಸರಿಯಿಲ್ಲ ಎಂದು ಗೊಣಗಿ ಹೊರಟುಹೋಗಬಹುದಿತ್ತು. ಕಾರ್ಖಾನೆಯಲ್ಲಿ ಈಗಲೂ ಅವರ ಕಿವಿಯ ಕಥೆ ಹೇಳುತ್ತಾರೆ, ಆ ಕಥೆ ಹಾಗೇ ಉಳಿಯುತ್ತಿತ್ತು. ಸೂರ್ಯನಾರಾಯಣರು ಹಾಗೆ ಮಾಡುವವರೇ ಇದ್ದರು.

ಅಷ್ಟರಲ್ಲಿ ನಿಖಿತಾ ಕಣ್ಣು ತೆರೆದು ತಿರುಗಿದಳು. ಅವರ ಮುಖ ನೋಡಿ ಗಾಬರಿಯಾಗಿ ಏನೋ ಕೇಳಿದಳು.

"ನನಗ ಕೇಳಲಿಲ್ಲ," ಎಂದರು ಸೂರ್ಯನಾರಾಯಣರು.

ಅವಳು ಬೈಸಿಕೊಂಡವಳ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಸಿಟ್ಟಿಲೆ ಅನ್ನಾಕತ್ತಿಲ್ಲವ್ವಾ. ನಿನ್ನ ದನಿ ನನಗ ಕೇಳೂದಽ ಇಲ್ಲ. ಈ ಮನಿಗೆ ಬಂದಾಗಿಂದ ಕೇಳಿಲ್ಲ. ಕೋಣಿದಲ್ಲ ತಪ್ಪು, ನನ್ನ ಕಿವೀದು."

ಅಹಲ್ಯಾಬಾಯಿ ಮೂಲೆಯ ಗಾದಿಗೆ ಒರಗಿ ಸೆರಗನ್ನು ಬಾಯಿಗೊತ್ತಿದರು. ಕರೆದರೂ ತಿರುಗದ ಗಂಡನನ್ನು ಸೊಕ್ಕಿನವನೆಂದು ಅವರೂ ಬೈದುಕೊಂಡಿದ್ದರು. ಕೊನೆಗೆ ಯಶವಂತ ನೆಲ ನೋಡುತ್ತ ನಿಜ ಹೇಳಿದ. ಗುಡಿಯ ಹೆಸರಿನಲ್ಲಿ ಆಟೋ ಹತ್ತಿದ್ದು ಮಿಯಾಪುರದಲ್ಲಿ ಬಾಡಿಗೆ ಮನೆ ನೋಡಲು. ಬಾಲ್ಕನಿಯ ಫೋನು ಆ ಮನೆಯ ದಲ್ಲಾಳಿಯದು. ರಟ್ಟಿನ ಡಬ್ಬಗಳು ತಮ್ಮಿಬ್ಬರ ಸಾಮಾನಿಗೆ. "ಅಕಿ ಏನ್ ಮಾತಾಡಿದ್ರೂ ನೀವು ಮಾರಿ ತಿರವತಿದ್ರಿ ಅಪ್ಪಾ. ನಾ ಮಾವಗ ಬ್ಯಾಡಾದಾಕಿ, ಈ ಮನ್ಯಾಗ ಇರಂಗಿಲ್ಲ ಅಂತ ಅಕಿ ಭಾಳ ಅತ್ತಾಳ. ಬರೂ ಭಾನುವಾರ ಹೋಗಾವ್ರ ಇದ್ದಿವಿ."

ಹಾಗಾದರೆ ಹಂಚಿಕೆ ನಡೆದದ್ದು ಸುಳ್ಳಲ್ಲ. ಹೊರಗೆ ಹೋಗಬೇಕಾದವರು ಯಾರು ಎಂಬುದನ್ನಷ್ಟೇ ಅವರು ತಪ್ಪಾಗಿ ಓದಿದ್ದರು. ತನ್ನನ್ನು ಓಡಿಸುತ್ತಾರೆ ಎಂದು ಕೋಣೆ ಕಾಯುತ್ತ ಕೂತ ಮನುಷ್ಯ, ಮಗನನ್ನೂ ಸೊಸೆಯನ್ನೂ ಮನೆಯಿಂದ ಓಡಿಸುವುದರಲ್ಲಿದ್ದ. ಸೂರ್ಯನಾರಾಯಣರು ಬೆತ್ತದ ಕುರ್ಚಿಯನ್ನು ಎಳೆದು ಸೊಸೆಯ ಮುಂದಿಟ್ಟು ಕೂರಲು ಹೇಳಿದರು. ತಾವು ಅವಳೆದುರು ನೆಲದ ಮೇಲೆ ಕೂತರು. ಮಾವ ನೆಲದಲ್ಲಿ, ತಾನು ಕುರ್ಚಿಯಲ್ಲಿ ಎಂದು ಅವಳು ಏಳಹೋದಳು. ಅವರು ಬಿಡಲಿಲ್ಲ.

"ನೀ ಇಷ್ಟ ದಿನ ಏನೇನ್ ಕೇಳಿದ್ದಿ, ನಾ ಏನೇನಕ್ಕ ಉತ್ತರಾ ಕೊಟ್ಟಿಲ್ಲ, ಅವನ್ನ ಈಗ ಹೇಳು. ಸಾವಕಾಶ, ನನ್ನ ಮಾರಿ ನೋಡಿಕೋತ ಹೇಳು. ನಾ ಇಲ್ಲೇ ಕುಂತಿರ್ತೀನಿ."

ನಿಖಿತಾ ಬಗ್ಗಿ, ಅವರ ಮುಖದ ಹತ್ತಿರಕ್ಕೆ ಬಂದು, ತನಗೆ ಅಭ್ಯಾಸವಿಲ್ಲದ ಗಟ್ಟಿ ದನಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಮದುವೆಯಾಗಿ ಬಂದ ಮಾರನೇ ದಿನ ಬೆಳಿಗ್ಗೆ ಒಂದು ಮಾತು ಕೇಳಿದ್ದೆ. ನೀವು ಪೇಪರ್ ಓದ್ತಾ ಇದ್ರಿ. ನಮ್ಮ ತಂದೆ ನಾನು ಕಾಲೇಜಿನಲ್ಲಿರೋವಾಗಲೇ ಹೋಗ್ಬಿಟ್ರು. ಅವರನ್ನ ಅಪ್ಪಾಜಿ ಅಂತಿದ್ದೆ. ಆಮೇಲೆ ಯಾರನ್ನೂ ಹಾಗೆ ಕರೆದಿಲ್ಲ. ನಿಮ್ಮನ್ನ ಕರೀಲಾ ಅಂತ ಕೇಳ್ದೆ. ನೀವು ಪೇಪರ್ ಮಡಚಿಟ್ಟು ಎದ್ದು ಹೋದ್ರಿ."

ಈ ಸಲ ಒಂದು ಅಕ್ಷರವೂ ಕಳೆಯಲಿಲ್ಲ. ಆ ಬೆಳಿಗ್ಗೆ ಯಾವುದೆಂದು ಸೂರ್ಯನಾರಾಯಣರಿಗೆ ನೆನಪಿರಲಿಲ್ಲ. ಅವರ ಪಾಲಿಗೆ ಅಂದು ಯಾರೂ ಏನೂ ಕೇಳಿರಲೇ ಇಲ್ಲ. ಅವರ ಕಣ್ಣಿನಿಂದ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ.

"ಕರಿ," ಎಂದರು.

ಗಟ್ಟಿ ದನಿ ಮರೆತು ಅವಳು ತನ್ನ ಎಳೆಯ ದನಿಯಲ್ಲೇ ಕರೆದಳು. ತುಟಿಗಳು ಅಲುಗಿದವು. ಸೂರ್ಯನಾರಾಯಣರು ಮುಖ ತಿರುಗಿಸಲಿಲ್ಲ, ಕೇಳಿತು ಎಂದು ತಲೆಯನ್ನೂ ಆಡಿಸಲಿಲ್ಲ.

"ಇನ್ನೊಂದೀಟು ಜೋರಾಗಿ ಕರಿಯವ್ವಾ," ಎಂದರು.